ಮೂರನೆಯ ಗುಂಡಿ

ನಲವತ್ತೊಂದು, ನಲವತ್ತೆರಡು, ನಲವತ್ತಮೂರು, ಮೂವತ್ತೊಂಬತ್ತು — ಅಯ್ಯ, ಮತ್ತೆ ಹಿಂದಕ್ಕೆ ಹಾರಿತು, ಬಲಕ್ಕೆ ತಿರುವುತ್ತಿದ್ದೇನೆ ನನ್ನಪ್ಪಾ, ಬಲಕ್ಕೆ, ಉಣ್ಣುವ ಕೈ ಇರುವ ಕಡೆ, ಅಷ್ಟೂ ತಿಳಿಯದೇ ನಿನಗೆ, ಬೆರಳಗಲದ ಪರದೆಯಲ್ಲಿ ಅಂಕಿ ಕುಂಟಾಬಿಲ್ಲೆ ಆಡುತ್ತಿದೆ, ಸ್ಪೀಕರಿನೊಳಗಿನ ಸ್ವರ ಬಾಯಿ ತೆರೆಯುತ್ತ ತೆರೆಯುತ್ತ ಹೋಗಿ ಥಟ್ಟನೆ ಬಿಕ್ಕುತ್ತದೆ, ಆ ಬಿಕ್ಕಿಗೆ ಸರಿಯಾಗಿ ಹಿಂದಿನ ಓಣಿಯ ಪಾವರ್‌ಲೂಮು ಖಟಾಖಟ್ ಅನ್ನುತ್ತದೆ, ತಾಳವಂತೂ ಇಳಕಲ್ಲಿನಲ್ಲಿ ಪುಕ್ಕಟೆ, ಸ್ವರಕ್ಕೇ ಬಡತನ. ನಾಲ್ಕು ಗುಂಡಿ, ನಾಲ್ಕರ ಕೆಳಗೂ ಒಂದೊಂದು ಎನ್‌ಕೋಡರ್, ಎಷ್ಟು ತಿರುವಿದರೂ ಕೊನೆಯಿಲ್ಲದೆ ಟಿಕ್ ಟಿಕ್ ಎಂದು ತಿರುಗುತ್ತ ಯಾವ ಕಡೆ ಎಷ್ಟು ತಿರುಗಿದೆ ಎಂದು ಒಳಗೆ ವರದಿ ಒಪ್ಪಿಸುವುದು ಅದರ ಕೆಲಸ, ಮೊದಲನೆಯದು ದನಿ ದೊಡ್ಡದು ಮಾಡಲು, ಎರಡನೆಯದು ಶ್ರುತಿಗೆ, ನಾಲ್ಕನೆಯದು ಸ್ವರ ನಿಂತ ಮೇಲೂ ಗುಯ್‌ಗುಟ್ಟುವ ಬಾಲಕ್ಕೆ, ಮೂರೂ ಗರತಿಯರ ಹಾಗೆ ನೆಟ್ಟಗಿವೆ, ಸ್ವರದ ಬಾಯಿ ತೆರೆದು ಮುಚ್ಚುವ ಮೂರನೆಯದಕ್ಕೆ ಮಾತ್ರ ರೋಗ, ಇದು ಗುಣವಾಗದಿದ್ದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ಈ ಪೆಟ್ಟಿಗೆ, ನನ್ನ ಸಿಂಥಸೈಜರ್, ಅಟ್ಟಕ್ಕೆ ಹೋಗುತ್ತದೆ, ಮುರಿದ ತೊಟ್ಟಿಲಿನ ಪಕ್ಕಕ್ಕೆ, ಅತ್ತೆಯ ಅಪ್ಪಣೆಯಾಗಿದೆ. ಹುನಗುಂದಕ್ಕೆ ಸೀರೆ ಕೊಡಲು ಹೊರಟ ಆನಂದ ಬೈಕ್ ಒದೆಯುತ್ತ ಕೇಳಿದ, ನನ್ನ ಸವತಿ ಇವತ್ತರ ಆರಾಮ ಆಗ್ತಾಳೋ ಇಲ್ಲೋ, ನಾನು ಸ್ಕ್ರೂಡ್ರೈವರ್ ತೋರಿಸಿದೆ, ಗಂಡ ಪರಾರಿ. ಪಡಸಾಲೆಯಲ್ಲಿ ಅತ್ತೆ ಸಾವಂತ್ರವ್ವ ಕುಣಿಮಗ್ಗದ ಹಿಂದೆ ಕೂತಿದ್ದಾರೆ, ನೇಯ್ದು ಮುಗಿದ ಉದ್ದನೂಲಿನ ಹಾಸಿನ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸುತ್ತ, ಸಾವಿರಾರು ಎಳೆ, ತಲೆ ಎತ್ತುವುದಿಲ್ಲ, ಮಾತಿಲ್ಲ.

ಮಾತಿಲ್ಲ ಅಂದರೆ ಜಗಳವೂ ಇಲ್ಲ, ಅದೇ ಬೇಸರ, ಜಗಳವಾದರೂ ಇದ್ದಿದ್ದರೆ ಮಾತಾದರೂ ಇರುತ್ತಿತ್ತು, ಮದುವೆಯಾಗಿ ಬಂದಾಗಿನಿಂದ ಹಾಲು ಬಂತೇನು, ಕರೆಂಟು ಹೋತೇನು, ಇಷ್ಟರಲ್ಲೇ ನಮ್ಮ ಸಂಸಾರ. ಬಾದಾಮಿಯ ನಮ್ಮ ಮನೆಯಲ್ಲಿ ಮೂವರು ಸೇರಿದರೆ ಐದು ಜನರ ಗದ್ದಲ, ನಾನು ಚಿಕ್ಕವಳಿದ್ದಾಗ ಒಮ್ಮೆ ಅಪ್ಪ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ನಿಂತಾಗಲೇ ನಾನು ಅವನ ರೇಡಿಯೋ ಬಿಚ್ಚಿದ್ದೆ, ಅರ್ಧ ಗಡ್ಡದಲ್ಲೇ ಓಡಿಬಂದು ಬೈಯುತ್ತಾನೆ ಅಂದುಕೊಂಡರೆ ಪಕ್ಕದಲ್ಲಿ ಕೂತು, ಇದೇನವಾ ಒಳಗ ಊರ ಐತೆಲ್ಲ, ಅಂದಿದ್ದ. ಅಂಥ ಒಂದು ಮಾತು ಈ ಮನೆಯಲ್ಲೂ ಬೇಕಿತ್ತು ನನಗೆ, ಖರೆ ಹೇಳುತ್ತೇನೆ, ಬೇಕಿತ್ತು, ಅದಕ್ಕೇ ಕಿಟ್ ತರಿಸಿ ಒಂದೊಂದೇ ಬಿಡಿಭಾಗ ಬೆಸುಗೆ ಹಾಕಿದ್ದನ್ನೆಲ್ಲ ಪಡಸಾಲೆಯಲ್ಲೇ ಕೂತು ಮಾಡಿದೆ, ಅತ್ತೆಗೆ ಕಾಣಲಿ ಅಂತ. ಗುಂಡಿಯ ಟೊಪ್ಪಿಗೆಗಳನ್ನು ಕಳಿಸಲು ಕಂಪನಿಯವರು ಮರೆತಿದ್ದರು, ಇರಲಿ, ಬರಿಯ ಕಡ್ಡಿಯನ್ನೇ ಹಿಡಿದು ತಿರುವಿದರಾಯಿತು ಅಂದುಕೊಂಡೆ, ಮೊದಲ ಸಲ ಸ್ವಿಚ್ ಹಾಕಿದಾಗ ಹೊರಟ ಸದ್ದಿಗೆ ಎದುರುಮನೆ ಕಾಸಿಂಬಿ ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು, ಆಡು ಈಯಾಕತ್ತೈತೇನವಾ ನಿಮ್ಮನ್ಯಾಗ, ನಾನು ಹೊಟ್ಟೆ ಹಿಡಿದು ನಕ್ಕೆ, ಕಾಸಿಂಬಿ ನಕ್ಕಳು, ಅತ್ತೆ ಮಾತ್ರ ಮುಂದಿನ ಎಳೆಗೆ ಕೈ ಹಾಕಿದರು. ನಿನ್ನೆ, ಅಂಕಿ ಹಾರುತ್ತಿರುವುದನ್ನು ನೋಡಿ ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ, ಅತ್ತೆ ಎಳೆಯ ಮೇಲಿನ ಕಣ್ಣು ತೆಗೆಯದೆ ಅಂದರು, ಕೆಟ್ಟತೇನು, ಹಂಗಿದ್ರ ಅಟ್ಟದ ಮ್ಯಾಲ ಇಟ್ಟಬಿಡವಾ, ಇನ್ನ ಯಾರೂ ಮುಟ್ಟೂದು ಬ್ಯಾಡ. ಇಷ್ಟು ದಿನ ಸಹಿಸಿದ್ದರು, ಈಗ ನೆಪ ಸಿಕ್ಕಿತು ಅಂದುಕೊಂಡೆ.

ಇರಲಿ, ಅಳುವುದಕ್ಕೆ ಪುರುಸೊತ್ತಿಲ್ಲ, ಬೆಸುಗೆಯನ್ನೆಲ್ಲ ಮತ್ತೆ ಕರಗಿಸಿ ಹಾಕಿದೆ, ಹಾರಿತು, ಪ್ರೋಗ್ರಾಮಿನಲ್ಲಿ ಸ್ವಲ್ಪ ನಿಧಾನ ಮಾಡು ಎಂದು ಇಂಥ ಕಿಟ್ ಕಟ್ಟುವವರ ಗುಂಪಿನವರು ಫೋನಿನಲ್ಲಿ ಹೇಳಿದರು, ಮಾಡಿದೆ, ನಿಧಾನವಾಗಿ ಹಾರಿತು, ಎರಡು ತಂತಿ ಅದಲು ಬದಲು ಮಾಡಿದೆ, ಈಗ ಎಡಕ್ಕೆ ತಿರುವಿದಾಗ ಹಾರಿತು, ಹಟಮಾರಿ, ನನ್ನ ಜಾತಿಯೇ. ಕೊನೆಗೆ ಮೂರನೆಯದನ್ನು ಕಿತ್ತು ಮೊದಲನೆಯದರ ಜಾಗದಲ್ಲಿ, ಮೊದಲನೆಯದನ್ನು ಮೂರನೆಯದರ ಜಾಗದಲ್ಲಿ ಕೂರಿಸಿದೆ, ಈಗ ದನಿ ಬಿಕ್ಕುತ್ತಿದೆ, ಬಾಯಿ ಸರಾಗ, ಹಾಂ, ಸಿಕ್ಕಿಬಿದ್ದೆ, ರೋಗ ಜಾಗದ್ದಲ್ಲ, ನಿನ್ನ ಹೊಟ್ಟೆಯದು, ಬಾ ಮಗನೇ. ತಗಡಿನ ಕಿವಿಗಳನ್ನು ಚಾಕುವಿನ ತುದಿಯಿಂದ ಎತ್ತಿದರೆ ಮುಚ್ಚಳ ಬಂತು, ಒಳಗೆ ತಾಮ್ರದ ಗೆರೆಗಳ ಪುಟ್ಟ ಬಿಲ್ಲೆ, ಅದನ್ನು ಸವರುತ್ತ ಹೋಗುವ ಎಳೆಮೀಸೆಯಂಥ ಕಂಬಿ, ಗೆರೆಗೂ ಕಂಬಿಗೂ ನಡುವೆ ಬೂದು ಬಣ್ಣದ ಕೆಸರು, ಹೊಸ ಎನ್‌ಕೋಡರಿನಲ್ಲಿ ಕೆಸರು ಎಲ್ಲಿಂದ, ಮುಟ್ಟಿದೆ, ನುಣ್ಣಗೆ, ಮಗ್ಗದ ಅರಳೆಧೂಳಲ್ಲ, ಹಿಟ್ಟಲ್ಲ, ಎಲ್ಲೋ ನೋಡಿದ್ದೇನೆ ಇದನ್ನು, ದಿನಾ ನೋಡುತ್ತೇನೆ, ಚಾದ ಬಟ್ಟಲಿನ ಕಿವಿಯ ಮೇಲೆ, ಬಾಗಿಲ ಚಿಲಕದ ಮೇಲೆ, ಟಿವಿ ರಿಮೋಟಿನ ಮೇಲೆ — ಬೂದಿ. ಎಳೆ ಹೊಸೆಯುವಾಗ ಜಾರದಿರಲೆಂದು ಅತ್ತೆ ಬೆರಳಿಗೆ ಹಚ್ಚಿಕೊಳ್ಳುವ ಒಲೆಯ ಬೂದಿ, ತೆಂಗಿನ ಚಿಪ್ಪಿನಲ್ಲಿ ಮಗ್ಗುಲಲ್ಲೇ ಇರುತ್ತದಲ್ಲ, ಹೆಬ್ಬೆರಳು ತೋರುಬೆರಳು ಎರಡೇ, ಎರಡು ಬೂದಿ ಬೆರಳು.

ತಡಿ, ತಡಿ, ಒಂದು ಸಲ ಮುಟ್ಟಿದರೆ ಇಷ್ಟು ಬೂದಿ ಇಳಿಯುವುದಿಲ್ಲ, ಎಷ್ಟು ಸಲ ತಿರುವಿರಬೇಕು, ಉಳಿದ ಮೂರನ್ನೂ ಬೆಳಕಿಗೆ ಹಿಡಿದೆ, ಕಡ್ಡಿಗಳ ಮೇಲೆ ಗುರುತೂ ಇಲ್ಲ, ಇದೊಂದನ್ನೇ, ಸ್ವರದ ಬಾಯಿ ತೆರೆಯುವುದನ್ನೇ, ಅಂದರೆ ಆರಿಸಿಕೊಂಡಿದ್ದಾರೆ, ಅಂದರೆ ಕೇಳಿದ್ದಾರೆ, ಮೊನ್ನೆ ಕಾಸಿಂಬಿ ಚಿಕ್ಕಮ್ಮ ಏನಂದಳು, ಮಧ್ಯಾಹ್ನ ನೀ ಬಾರಸ್ತಿ ನೋಡು, ಗುಂಯ್ಯಂತ, ಅದಕ್ಕ ನನ್ನ ಮಮ್ಮಗ ಅಳೂದು ಬಿಟ್ಟ ಮಲಗತಾನ, ನಾನು ಹೂಂ ಅಂದಿದ್ದೆ, ದಡ್ಡಿ, ಮಧ್ಯಾಹ್ನ ನಾನು ಮನೆಯಲ್ಲೇ ಇರುವುದಿಲ್ಲ, ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿರುತ್ತೇನೆ, ಆನಂದ ಅಂಗಡಿಯಲ್ಲಿರುತ್ತಾನೆ, ಮನೆಯಲ್ಲಿ ಯಾರು — ಅಯ್ಯಯ್ಯೋ ನನ್ನ ಅತ್ತಿ, ನನ್ನ ಬಂಗಾರದಂಥ ಅತ್ತಿ, ಇನ್ನ ಯಾರೂ ಮುಟ್ಟೂದು ಬ್ಯಾಡ ಅಂದದ್ದು ನನಗಲ್ಲ, ತನಗೆ, ತನ್ನ ಕೈಯಿಂದ ಕೆಟ್ಟಿತೆಂದು ಹೆದರಿದ್ದಾರೆ, ಕಣ್ಮುಂದಿನಿಂದ ಮರೆಯಾದರೆ ಸಾಕು ಅಂತ ಅಟ್ಟ, ಈ ಹೆಂಗಸು ನಿನ್ನೆ ರಾತ್ರಿ ನನ್ನಷ್ಟೇ ನಿದ್ದೆಗೆಟ್ಟಿರಬೇಕು, ಗೋಡೆಯ ಆ ಕಡೆ ಅವರು, ಈ ಕಡೆ ನಾನು. ನಗು ಬರುತ್ತಿದೆ, ತುಟಿ ಕಚ್ಚಿದರೂ ಬರುತ್ತಿದೆ, ಹಳೆಯ ಹಲ್ಲುಬ್ರಷ್‌ಗೆ ಸ್ಪಿರಿಟ್ ಹಾಕಿ ತಿಕ್ಕಿದೆ, ತಾಮ್ರ ಹೊಳೆಯಿತು, ಕಂಬಿಯನ್ನು ಉಗುರಿನಿಂದ ಒಂಚೂರು ಎತ್ತಿದೆ, ಮುಚ್ಚಳ ಹಾಕಿ ಕಿವಿ ಮಡಚಿ ಎರಡನ್ನೂ ಮೊದಲಿನ ಜಾಗಕ್ಕೇ ಕೂರಿಸಿ ಬೆಸುಗೆ ಹಾಕಿದೆ, ಸ್ವಿಚ್, ನಲವತ್ತೊಂದು, ನಲವತ್ತೆರಡು, ನಲವತ್ತಮೂರು, ನಲವತ್ತನಾಲ್ಕು, ಓಹೋಹೋ, ಐವತ್ತು ದಾಟಿತು, ಬಿಕ್ಕಿಲ್ಲ ಗಿಕ್ಕಿಲ್ಲ, ಯಾರಿಗೆ ಹೇಳಲಿ, ಇನ್ನಾರಿಗೆ.

ಅತ್ತಿ, ಒಂಚೂರ ಬರ್ರಿಲ್ಲೆ. ಯಾಕವಾ. ಬರ್ರಿ ಅಂದ್ರ. ಬಂದರು, ಮೇಜಿನ ಮೇಲೆ ಬೂದಿ ಹತ್ತಿದ ಬ್ರಷ್ ನೋಡಿದರು, ಬಲಗೈ ಸೆರಗಿನೊಳಗೆ ಹೋಯಿತು, ಬೆಲ್ಲ ಕದ್ದು ಸಿಕ್ಕ ಹುಡುಗಿಯ ಹಾಗೆ, ನನ್ನ ಕೈಯಿಂದಾನ ಕೆಟ್ಟತೇನು, ಬರೇ ಒಂದ ಸಲ ಮುಟ್ಟಿದ್ದೆ ನೋಡವಾ, ನಾನು ಬ್ರಷ್ ಎತ್ತಿ ತೋರಿಸಿದೆ, ದಿನಾ ಒಂದ ಸಲ, ಅಂದರು, ಅಲ್ಲಿಗೆ ಇಬ್ಬರಿಗೂ ತಡೆಯಲಾಗಲಿಲ್ಲ, ಸಾವಂತ್ರವ್ವ ನಕ್ಕರೆ ಹೀಗೆ ಮೂಗು ಮೊದಲು ನಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕೆಟ್ಟಿಲ್ಲರಿ, ರಿಪೇರಿ ಆತು, ಬರೋಬ್ಬರಿ ಅದ ಇಲ್ಲೋ ನೀವ ನೋಡ್ರಿ, ನಂಗಿಂತ ನಿಮಗ ಗೊತ್ತ ಅದರ ದನಿ. ನಂಗೇನ ಗೊತ್ತವಾ, ಮೆಲ್ಲಕ ತಿರುವಿದ್ರ ಆಕಳ ಕರೂನ್ನ ಕರದಂಗ ಕೂಗತೈತಿ, ಅಷ್ಟ. ಅಷ್ಟೇ ಅಂತೆ, ನಾನು ಇಷ್ಟು ದಿನ ಆ ದನಿಗೆ ಹೆಸರು ಹುಡುಕುತ್ತಿದ್ದೆ. ಕೈ ಹೊರಗೆ ಬಂತು, ಸೆರಗಿನಿಂದ ಬೆರಳು ಒರೆಸಿಕೊಳ್ಳಲು ಹೊರಟರು, ಬ್ಯಾಡ್ರಿ ಅತ್ತಿ, ಇರ್ಲಿ, ಹಂಗ ಹಿಡೀರಿ. ಮತ್ತ ಕೆಡತೈತೆಲ್ಲವಾ. ಕೆಡ್ಲಿ, ಮತ್ತ ಬಿಚ್ಚತೇನಿ, ಅದಕ್ಕೇನ. ಪಾವರ್‌ಲೂಮು ಕೇಳುತ್ತಿಲ್ಲ, ಇಲ್ಲ, ಕೇಳುತ್ತಿದೆ, ದೂರ, ಪರದೆಯ ಅಂಕಿ ನೋಡಬೇಕಿತ್ತು, ಕಣ್ಣು ಅಲ್ಲಿಗೆ ಹೋಗುತ್ತಿಲ್ಲ, ಸ್ವರ ಬಾಯಿ ತೆರೆಯುತ್ತಿದೆ, ಇನ್ನೂ ತೆರೆಯುತ್ತಿದೆ, ತೆಳ್ಳನೆಯ ಕಡ್ಡಿ, ಅದರ ಮೇಲೆ ಹೆಬ್ಬೆರಳು, ತೋರುಬೆರಳು, ಬೂದಿ, ಎರಡು ಬೂದಿ ಬೆರಳು —