ಕಣ್ಣು ತೆರೆಸುವವರ ಮನೆ

ನನ್ನ ಗಂಡ ಕಾಶಿನಾಥ ಕಲಘಟಗಿ ತಾಲೂಕಿನ ಎಷ್ಟೋ ಸತ್ತವರಿಗೆ ಕಣ್ಣು ತೆರೆಸಿದ ಮನುಷ್ಯ. ಹೆತ್ತ ಮಗಳೊಬ್ಬಳಿಗೆ ಮಾತ್ರ ತೆರೆಸಲಿಲ್ಲ. ಈ ಮಾತನ್ನು ನಾನು ಬೆನ್ನ ಹಿಂದೆ ಆಡುತ್ತಿಲ್ಲ. ಅವರ ಮುಖಕ್ಕೇ ಹೇಳಿದ್ದೇನೆ, ನಾಳೆಯೂ ಹೇಳುತ್ತೇನೆ. ಅವರು ಇವರು ಅನ್ನುವುದು ಬಾಯಿಗೆ ಬಿದ್ದ ರೂಢಿ ಅಷ್ಟೇ, ಅದರಲ್ಲಿ ಮರ್ಯಾದೆ ಹುಡುಕಬೇಡಿ.

ಕಣ್ಣು ತೆರೆಸುವುದೆಂದರೆ ಏನೆಂದು ಮೊದಲು ಹೇಳಬೇಕು. ನಮ್ಮವರಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸುವುದಿಲ್ಲ. ಜಳಕ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಮಣ್ಣಿಗೆ ಇಡುವುದೂ ಕುಂತ ಹಾಗೆಯೇ. ಅದಕ್ಕೂ ಮುಂಚೆ ಮಕ್ಕಳು ಮೊಮ್ಮಕ್ಕಳು ಎರಡೂ ಬಾಜು ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಹಳೆಯ ಮುದುಕ ಮುದುಕಿಯರಿಗೆ ಎಷ್ಟೋ ಸಲ ಜನ್ಮಕ್ಕೆಲ್ಲ ಅದೊಂದೇ ಫೋಟೋ. ಅದರಲ್ಲಿ ಕಣ್ಣು ಮುಚ್ಚಿರುತ್ತದೆ. ಮುಚ್ಚಿದ ಕಣ್ಣಿನ ಫೋಟೋಕ್ಕೆ ಯಾರು ಪೂಜೆ ಮಾಡುತ್ತಾರೆ? ಆ ಫೋಟೋ ಹಿಡಿದುಕೊಂಡು ಮಿಶ್ರಿಕೋಟಿಯ ನಮ್ಮ ಮನೆಗೆ ಬರುತ್ತಿದ್ದರು. "ಕಣ್ಣ ತೆರಿಸಿ ಕೊಡ್ರಿ" ಅನ್ನುತ್ತಿದ್ದರು.

ಇವರು ಎಣ್ಣೆಬಣ್ಣದಲ್ಲಿ ಮುಖ ಬರೆಯುವರು. ಕಣ್ಣಿನ ಜಾಗಕ್ಕೆ ಬಂದಾಗ ಕುಂಚ ಕೆಳಗಿಟ್ಟು ಬಂದವರಿಗೆ ಒಂದೇ ಪ್ರಶ್ನೆ ಕೇಳುವರು. "ಯಾರರ ಬಾಗಲಕ್ಕ ಬಂದ್ರ ಹೆಂಗ ನೋಡ್ತಿದ್ರು?"

ದುಮ್ಮವಾಡದ ಲಕ್ಕಪ್ಪ ತನ್ನ ಅವ್ವ ಸಣ್ಣವ್ವನ ಫೋಟೋ ತಂದಾಗ ಈ ಪ್ರಶ್ನೆಗೆ ತಲೆ ಕೆರೆದುಕೊಂಡ. "ಹೆಂಗಂದ್ರ... ಉಂಡ ಬಂದಿಯೋ ಉಣ್ಣಾಕ ಬಂದಿಯೋ ಅನ್ನೂ ಹಂಗ ನೋಡ್ತಿದ್ಲ್ರಿ" ಅಂದ. ಇವರು ಹಾಗೆಯೇ ಬರೆದರು. ಲಕ್ಕಪ್ಪ ಚಿತ್ರ ನೋಡಿದವನೇ ಒಂದು ಹೆಜ್ಜೆ ಹಿಂದೆ ಸರಿದ. "ಅಯ್ಯ ಶಿವನ, ಬೈಯಾಕ ತಯಾರಾಗಿ ಕುಂತಾಳಲ್ರಿ ನಮ್ಮವ್ವ!" ಅಂತ ನಕ್ಕ. ಆಮೇಲೆ ನಮ್ಮ ಕಟ್ಟೆಯ ಮೇಲೆಯೇ ಕುಂತು ಸಣ್ಣ ಹುಡುಗನಂತೆ ಅತ್ತ.

ಆ ಕಸಬಿನಲ್ಲಿ ನನ್ನ ಪಾಲೂ ಇತ್ತು. ಕಡೆಗೆ ಕಣ್ಣಾಲಿಯ ಮೇಲೆ ಸಾಸಿವೆಗಿಂತ ಸಣ್ಣದೊಂದು ಬಿಳಿ ಚುಕ್ಕಿ ಇಡಬೇಕು. ಅದು ಬಿದ್ದ ಮೇಲೆಯೇ ಕಣ್ಣು ನಮ್ಮನ್ನು ನೋಡುವುದು. ಮದುವೆಯಾದ ವರ್ಷ ಇವರು ಆಟಕ್ಕೆಂದು ನನ್ನ ಕೈಗೆ ಕುಂಚ ಕೊಟ್ಟಿದ್ದರು. ಚುಕ್ಕಿ ಸರಿಯಾಗಿ ಕುಂತಿತು. "ರೇವಾ, ನಿನ್ನ ಕೈ ಅಗದಿ ಹಗೂರ ಐತಿ, ಇನ್ನ ಮ್ಯಾಲೆ ಇದು ನಿಂದ ಕೆಲಸ" ಅಂದರು. ಅಂದಿನಿಂದ ಇಪ್ಪತ್ತೆರಡು ವರ್ಷ ಆ ಚುಕ್ಕಿ ನಾನೇ ಇಟ್ಟಿದ್ದೇನೆ. ಬಾಜೂಕ ಕುಂತು ಆಲಿ ಬರೆಯುವುದನ್ನೂ ಕಲಿತೆ. ಸಣ್ಣವ್ವನ ಎಡಗಣ್ಣು ಪೂರ್ತಿ ನಾನು ಬರೆದದ್ದು. ಲಕ್ಕಪ್ಪನಿಗೆ ಆಗ ಗೊತ್ತಿರಲಿಲ್ಲ.

ನಮಗೆ ಒಬ್ಬಳೇ ಮಗಳು, ಅಮೃತಾ. ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಜ್ವರ ಬಂತು, ಹೋಯಿತು, ಮತ್ತೆ ಬಂತು. ಹುಬ್ಬಳ್ಳಿಗೆ ಕರೆದೊಯ್ದರೆ ರಕ್ತದ ಕ್ಯಾನ್ಸರ್ ಅಂದರು. ಎಂಟು ತಿಂಗಳು ಆ ಆಸ್ಪತ್ರೆಯೇ ನಮ್ಮ ಮನೆಯಾಯಿತು.

ಮೊದಲನೇ ವಾರ ಇವರು ಹೊರಗಿನ ಬೆಂಚಿನ ಮೇಲೆ ಕುಂತು ಅತ್ತರು. ಎರಡನೇ ವಾರ ಚೀಲದಿಂದ ಹಾಳೆ, ಪೆನ್ಸಿಲ್ ತೆಗೆದರು. ಬರೆಯಲಿ, ಮನಸ್ಸು ಹಗುರಾದೀತು ಅಂತ ನಾನೇ ಅಂದೆ. ನನ್ನ ಬಾಯಿಗೆ ಹುಳ ಬೀಳಲಿ. ಕೂದಲು ಉದುರಿದ ತಲೆ ಬರೆದರು. ಸೂಜಿ ಚುಚ್ಚಿ ಚುಚ್ಚಿ ಕಪ್ಪಾದ ಮೊಣಕೈ ಬರೆದರು. ತುಟಿಯ ಹುಣ್ಣು ಬರೆದರು. ಒಂದು ಮಧ್ಯಾಹ್ನ ಹುಡುಗಿ ವಾಂತಿ ಮಾಡಿಕೊಂಡು ಸುಸ್ತಾಗಿ ಬಿದ್ದಿದ್ದಳು. "ಆ ಪಡದಾ ಸ್ವಲ್ಪ ಸರಸು ರೇವಾ, ಬೆಳಕ ಸಾಲವಲ್ದು" ಅಂದರು. ಸರಿಸಿದೆ. ಬಿಸಿಲು ಮುಖಕ್ಕೆ ಹೊಡೆಯಿತು.

"ಸಾಕಪಾ, ಇವತ್ತ ಬ್ಯಾಡ" ಅಂದಳು ಅಮೃತಾ.

ನಾನು ಏನು ಅಂದೆ ಗೊತ್ತೇ? "ಸ್ವಲ್ಪ ತಡಿ ನನ್ನವ್ವ, ಅಪ್ಪಾ ಬರ್ಯಾಕತ್ತಾನ, ಅಳ್ಳಾಡಬ್ಯಾಡ" ಅಂದೆ. ಅವಳು ಅಳ್ಳಾಡಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿಕೊಂಡಳು. ಇವರ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನನಗೆ ನನ್ನ ಮೇಲೂ ಇದೆ.

ಅದಾದ ಹನ್ನೊಂದನೇ ದಿನ ಹೋದಳು. ಕಣ್ಣು ಅರ್ಧ ತೆರೆದೇ ಇದ್ದವು. ಈ ಬಲಗೈಯಿಂದ ನಾನು ಮುಚ್ಚಿದೆ. ಇವರು ಕಿಟಕಿಯ ಹತ್ತಿರ ನಿಂತಿದ್ದರು, ಕೈಯಲ್ಲಿ ಹಾಳೆ ಇತ್ತು.

ಆಮೇಲೆ ಮನೆ ಸೇರಿ ಬರೆದದ್ದೇ ಬರೆದದ್ದು. ಊಟದ ಕಡೆ ಲಕ್ಷ್ಯವಿಲ್ಲ, ನನ್ನ ಕಡೆಯಂತೂ ಇಲ್ಲವೇ ಇಲ್ಲ. ಆರು ತಿಂಗಳಲ್ಲಿ ಇಪ್ಪತ್ಮೂರು ಚಿತ್ರ. ಧಾರವಾಡದ ಹೇಮಂತ ಅನ್ನುವ ಹುಡುಗ, ಪ್ರದರ್ಶನ ಏರ್ಪಡಿಸುವುದೇ ಅವನ ಉದ್ಯೋಗ, ಅವನ್ನು ನೋಡಿ "ಸರ್, ಸರ್" ಅಂತ ಎರಡು ಸಲ ಅಂದು ಒಂದೊಂದನ್ನೂ ಗೋಡೆಗೆ ಸಾಲಾಗಿ ಇಟ್ಟು ಎಣಿಸಿದ. ಧಾರವಾಡದಲ್ಲಿ ಪ್ರದರ್ಶನವಾಯಿತು. ಪೇಪರಿನಲ್ಲಿ ಬಂತು. ನನ್ನನ್ನೂ ಇಳಕಲ್ ಸೀರೆ ಉಡಿಸಿ ಕರೆದೊಯ್ದರು. ಸಾವನ್ನು ಇಷ್ಟು ಸಮೀಪದಿಂದ ಕಂಡ ಕಲಾವಿದ ಮತ್ತೊಬ್ಬನಿಲ್ಲ ಅಂತ ಒಬ್ಬರು ಮೈಕಿನಲ್ಲಿ ಹೇಳಿದರು. ಕನ್ನಡಕದ ಹೆಣ್ಣುಮಗಳೊಬ್ಬಳು ನನ್ನ ಮಗಳ ಹುಣ್ಣಿನ ತುಟಿಯ ಮುಂದೆ ನಿಂತು ಅಳುತ್ತಿದ್ದಳು. ನಾನು ಹೋಗಿ, "ಆಕಿ ಹಿಂಗ ಇರಲಿಲ್ಲ ತಂಗಿ, ಹಲ್ಲ ಕಾಣೂ ಹಂಗ ನಗ್ತಿದ್ಲು" ಅಂದೆ. ಆಕೆಗೆ ಕೇಳಿಸಲಿಲ್ಲವೋ, ಬೇಕಾಗಿರಲಿಲ್ಲವೋ. ಇಪ್ಪತ್ಮೂರರಲ್ಲಿ ಒಂದರಲ್ಲೂ ಹುಡುಗಿ ಕಣ್ಣು ತೆರೆದಿರಲಿಲ್ಲ.

ನನಗೆ ಬೇಕಾಗಿದ್ದು ಒಂದೇ. ವರ್ಷದ ಪೂಜೆಯ ಹೊತ್ತಿಗೆ ಗೋಡೆಯ ಮೇಲೆ ನನ್ನ ಮಗಳು ಕಣ್ಣು ಬಿಟ್ಟು ನನ್ನನ್ನು ನೋಡಬೇಕು. ಫೋಟೋಗಳು ಇರಲಿಲ್ಲವೇ ಅಂತ ಕೇಳಬಹುದು. ಹಳೆಯ ಮೊಬೈಲು ಅವಳು ಚೆನ್ನಾಗಿದ್ದಾಗಲೇ ನೀರಿನ ಹೌದಿಗೆ ಬಿದ್ದು ಸತ್ತಿತ್ತು. ಹೊಸದು ತಗೊಂಡಿದ್ದೇ ಆಸ್ಪತ್ರೆಯ ರಿಪೋರ್ಟು ಕಳಿಸಲಿಕ್ಕೆ. ಉಳಿದಿದ್ದು ಆಧಾರ್ ಕಾರ್ಡಿನ ಫೋಟೋ. ಸ್ಟುಡಿಯೋದ ಜಾಕೀರ್ ಪಾಪ ಅದನ್ನೇ ದೊಡ್ಡದು ಮಾಡಿ, ಕೂದಲು ತೀಡಿ, ಕಂಪ್ಯೂಟರಿನಲ್ಲಿ ಕಣ್ಣು ತಿದ್ದಿ ಕೊಟ್ಟ. ಯಾರೋ ಟಿವಿಯ ಹುಡುಗಿಯಂತೆ ಕಾಣುತ್ತಿದ್ದಳು. "ನನಗೂ ಇದು ಆಕಿ ಅನಿಸವಲ್ದು ಅಕ್ಕಾ" ಅಂತ ಅವನೇ ವಾಪಸು ಇಸಿದುಕೊಂಡ.

ಅಷ್ಟರಲ್ಲಿ ಇವರು ಇಪ್ಪತ್ನಾಲ್ಕನೆಯದನ್ನು ಶುರು ಮಾಡಿದರು. ಆಳೆತ್ತರದ ಕ್ಯಾನ್ವಾಸು. ಗೋಡೆಗೆ ಆನಿಸಿ ಕೂಡಿಸಿದ ಅಮೃತಾ, ಹಣೆಗೆ ವಿಭೂತಿ, ಕೊರಳಿಗೆ ಹಾರ. ನಮ್ಮ ಕಸಬಿನ ಚಿತ್ರ ಅದು! ನನಗೆ ಜೀವ ಬಂದಂತಾಯಿತು. ಕಣ್ಣಿನ ಜಾಗಕ್ಕೆ ಬರಲಿ, ಕುಂಚ ಕೆಳಗಿಟ್ಟು ನನ್ನನ್ನು ಕೇಳುತ್ತಾರೆ ಅಂತ ದಿನಾ ಚಹಾ ಹಿಡಿದು ಬಾಜೂಕ ನಿಂತೆ. ಕೇಳಲಿಲ್ಲ. ಮುಚ್ಚಿದ ರೆಪ್ಪೆ ಬರೆದರು, ಕೆಳಗೆ ಮೂಲೆಯಲ್ಲಿ ಸಹಿ ಹಾಕಿದರು.

"ಕಣ್ಣ?" ಅಂದೆ.

"ಕಣ್ಣ ಇಷ್ಟ."

"ಊರ ಮಂದೀದೆಲ್ಲಾ ತೆರಿಸೀರಿ. ಇದೊಂದ ನಂಗ ತೆರಿಸಿ ಕೊಡ್ರಿ. ಇನ್ನ ಏನೂ ಕೇಳೂದಿಲ್ಲ."

"ಅದು ಸುಳ್ಳ ಆಗ್ತದ ರೇವಾ. ನಾ ಕಂಡದ್ದ ಬರೀಬೇಕು."

"ಹದಿನೇಳ ವರ್ಷ ಕಣ್ಣ ಬಿಟ್ಕೊಂಡ ಮನಿ ತುಂಬ ಓಡಾಡಿದ್ಲಲ್ಲ, ಅದನ್ನ ಕಾಣಲಿಲ್ಲೇನ ನೀವು? ಲಕ್ಕಪ್ಪನ ಅವ್ವನ್ನ ಜೀವಂತ ಎಂದರ ನೋಡಿದ್ರೇನು? ಆಕಿಗೆ ಹೆಂಗ ತೆರಿಸಿದ್ರಿ?"

"ಅದು ಹೊಟ್ಟಿಪಾಡು. ಇದು ಬ್ಯಾರೆ."

ಇದು ಬೇರೆಯಂತೆ! ಪರರ ತಾಯಿಗೆ ಒಂದು ನ್ಯಾಯ, ನನ್ನ ಮಗಳಿಗೆ ಒಂದು. ಅಂದಿನಿಂದ ತಟ್ಟೆಯನ್ನು ಅವರ ಮುಂದೆ ಇಡುತ್ತಿರಲಿಲ್ಲ, ಕುಕ್ಕುತ್ತಿದ್ದೆ.

ವರ್ಷದ ಪೂಜೆ ಸೋಮವಾರ ಬಿದ್ದಿತ್ತು. ಅದಕ್ಕೂ ಮುಂಚೆ ಶುಕ್ರವಾರ ಹೇಮಂತ ಬಂದು ಆ ಚಿತ್ರವನ್ನು ದಿಲ್ಲಿಯ ಪ್ರದರ್ಶನಕ್ಕೆ ಒಯ್ಯುವವನಿದ್ದ. ಅವನನ್ನು ಕರೆದುಕೊಂಡು ಬರುತ್ತೇನೆಂದು ಇವರು ಬೆಳಿಗ್ಗೆಯೇ ಧಾರವಾಡದ ಬಸ್ಸು ಹತ್ತಿದರು. ನಾನು ರೊಟ್ಟಿ ಬಡಿದು, ಕೈ ತೊಳೆದುಕೊಂಡು ಚಿತ್ರದ ಕೋಣೆಗೆ ಹೋದೆ. ಇದು ಸರಿಯೋ ತಪ್ಪೋ ಅಂತ ಯೋಚಿಸಲಿಲ್ಲ. ಮುಗಿಸಿ ತಿಂಗಳಾಗಿದ್ದರಿಂದ ರೆಪ್ಪೆಯ ಬಣ್ಣ ಒಣಗಿತ್ತು. ಅದರ ಮೇಲೆ ಬರೆಯುವುದು ಕಷ್ಟವಲ್ಲ. ಸಣ್ಣ ಕುಂಚ ತಗೊಂಡು ಚಿತ್ರದ ಮುಂದೆ ಕುಂತೆ. ಆ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ, ನನಗೆ ನಾನೇ ಕೇಳಿಕೊಂಡೆ. ಬಾಗಿಲಿಗೆ ಬಂದರೆ ಹೇಗೆ ನೋಡುತ್ತಿದ್ದಳು?

ಕಾಲೇಜು ಬಿಟ್ಟು ಮೂರೂವರೆಯ ಬಸ್ಸಿಗೆ ಬರುತ್ತಿದ್ದಳು. ಚೀಲ ಮೂಲೆಗೆ ಒಗೆದು ಮೊದಲು ಒಲೆಯ ಮೇಲಿನ ಗಡಿಗೆ ನೋಡುವಳು, ಆಮೇಲೆ ನನ್ನನ್ನು. "ಇವತ್ತೂ ಪುಂಡಿಪಲ್ಯಾನ ಏನಬೇ?" ಅನ್ನುವಳು. ಸಿಟ್ಟು ಅರ್ಧ, ನಗು ಅರ್ಧ. ಎಡಗಣ್ಣು ತುಸು ಸಣ್ಣದಾಗುತ್ತಿತ್ತು.

ಅದನ್ನೇ ಬರೆದೆ. ಮೂರು ತಾಸು ಹಿಡಿಯಿತು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಬಿಳಿ ಚುಕ್ಕಿ ಒಂದು ಬಾಕಿ ಇತ್ತು. ಅದನ್ನು ಇಡುವ ಮುಂಚೆ ಸ್ವಲ್ಪ ಹಿಂದೆ ಸರಿದು ನೋಡಿದೆ. ಬಂದಿದ್ದಳು. ಬೋಳುತಲೆ, ವಿಭೂತಿ, ಹಾರ ಎಲ್ಲ ಹಾಗೇ ಇತ್ತು, ಆದರೂ ನನ್ನ ಅಮೃತಾ ಬಂದು ಕುಂತಿದ್ದಳು. "ಪುಂಡಿಪಲ್ಯಾ ಮಾಡಿಲ್ಲ ತಗೋ, ಇವತ್ತ ಎಣ್ಣಿಗಾಯಿ" ಅಂತ ಜೋರಾಗಿ ಅಂದೆ. ಹುಚ್ಚಿ ಅನ್ನಿ ಬೇಕಾದರೆ. ವರ್ಷವಾಗಿತ್ತು ನಾನು ನಕ್ಕು.

ಆಗಲೇ ಬಾಗಿಲಲ್ಲಿ ಕಾರು ನಿಂತಿತು. ಇವರು ಮುಂದೆ, ಹೇಮಂತ ಹಿಂದೆ. ಕೋಣೆಗೆ ಕಾಲಿಟ್ಟವರು ಅಲ್ಲೇ ನಿಂತರು. ಹೊಡೆಯಲಿ, ಬೈಯಲಿ, ಎಲ್ಲಕ್ಕೂ ನಾನು ತಯಾರಾಗಿದ್ದೆ. ಇವರ ಗಲ್ಲ ಅದುರಿತು. ಒಂದು ಗಳಿಗೆ ಅವರು ಬರೀ ಅಪ್ಪನಾಗಿದ್ದರು, ಅದನ್ನು ನಾನು ಕಣ್ಣಾರೆ ಕಂಡೆ. ಈಗ "ಇದು ಮನ್ಯಾಗ ಇರ್ಲಿ" ಅನ್ನುತ್ತಾರೆ ಅಂದುಕೊಂಡೆ. ಆ ಒಂದು ಮಾತು ಅಂದಿದ್ದರೆ ಹಿಂದಿನದೆಲ್ಲ ಮರೆತುಬಿಡುತ್ತಿದ್ದೆ, ದೇವರಾಣೆ.

ಹೇಮಂತ ಮೊಬೈಲು ತೆಗೆದು ನಾಲ್ಕು ಕಡೆಯಿಂದ ಫೋಟೋ ಹೊಡೆದ. "ಸರ್, ಇಪ್ಪತ್ಮೂರು ಚಿತ್ರದಾಗ ಮುಚ್ಚಿದ ಕಣ್ಣು, ಕಡೇದರಾಗ ತೆರೆದದ್ದು! ದಿಲ್ಲಿಯೊಳಗ ಮಂದಿ ಇದರ ಮುಂದಿಂದ ಅಳ್ಳಾಡೂದಿಲ್ಲ ನೋಡ್ರಿ. ಅಕ್ಕಾರ, ಏನ್ ಕೈರೀ ನಿಮ್ಮದು!"

ಇವರು ಹತ್ತಿರ ಬಂದು ಬಗ್ಗಿ ಆಲಿ ನೋಡಿದರು. ಎಡಗಣ್ಣು ನೋಡಿದರು. ಮೂಗೊರೆಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ, "ರೇವಾ, ಚುಕ್ಕಿ ಇಟ್ಟಿಲ್ಲ ನೋಡು. ಇಟ್ಟಬಿಡು. ಇವರು ಕತ್ತಲಾಗೂದ್ರೊಳಗ ಹೊಂಡಬೇಕು" ಅಂದರು.

ಕುಂಚ ಕೈಯಲ್ಲೇ ಇತ್ತು. ಎದ್ದು ಚಿತ್ರದ ಹತ್ತಿರ ಹೋದೆ. ದಿಲ್ಲಿಯ ಆ ಗೋಡೆ ನನ್ನ ಕಣ್ಣ ಮುಂದೆ ಬಂತು. ಕಂಡವರೆಲ್ಲ ಅವಳ ಮುಂದೆ ನಿಂತು ಅಳುವುದು, ಅವಳು ರಾತ್ರಿ ಹಗಲು ಅವರನ್ನು ನೋಡುತ್ತ ಕೂಡುವುದು. "ಇವರೆಲ್ಲ ಯಾರಬೇ?" ಅಂತ ಅವಳು ಕೇಳಿದರೆ ಹೇಳಲಿಕ್ಕೆ ಅಲ್ಲಿ ನಾನಿರುವುದಿಲ್ಲ. ಸಾಕಪಾ ಅಂದಿದ್ದಳು. ಅವತ್ತು ನಾನು ತಡಿ ಅಂದಿದ್ದೆ. ಈ ಸಲ ಅನ್ನಲಿಲ್ಲ. ಕುಂಚ ಕೆಳಗಿಟ್ಟು ಬಲಗೈಯ ಅಂಗೈಯನ್ನು ಅವಳ ಕಣ್ಣಿನ ಮೇಲಿಟ್ಟು ಮೇಲಿನಿಂದ ಕೆಳಗೆ ಎಳೆದೆ. ಹಸಿ ಬಣ್ಣವೆಲ್ಲ ಕೈಗೆ ಬಂತು. ಕೆಳಗೆ ಇವರು ಬರೆದ ರೆಪ್ಪೆ ಮುಚ್ಚಿದ ಹಾಗೆಯೇ ಇತ್ತು.

"ಏ! ಏನ್ ಮಾಡಿದೀಲೇ?" ಅಂತ ಇವರು ಕೂಗಿದರು.

"ಮಕ್ಕೊಂಡ್ಲು. ಒಯ್ರಿ ಈಗ" ಅಂದೆ.

ಒಯ್ದರು. ಒಯ್ಯದೆ ಬಿಡುತ್ತಾರೆಯೇ? ರೆಪ್ಪೆಯ ಸುತ್ತ ಮಸಿ ಬಳಿದಂತೆ ಸ್ವಲ್ಪ ಉಳಿದಿತ್ತು. ಅದೂ ಇರಲಿ ಬಿಡ್ರಿ ಅಂದ ಹೇಮಂತ.

ಸೋಮವಾರ ಪೂಜೆ ಆಯಿತು. ಚಿತ್ರಕ್ಕೆಂದು ನಾನೇ ಗೋಡೆಗೆ ಹೊಡೆಸಿದ್ದ ಮೊಳೆ ಇತ್ತು, ಬರೀ ಮೊಳೆಗೆ ಹಾರ ಹಾಕಿದೆ. ಅದರ ಕೆಳಗೆ ಎಣ್ಣೆಗಾಯಿ ರೊಟ್ಟಿ ಎಡೆ ಇಟ್ಟೆ. ದುಮ್ಮವಾಡದಿಂದ ಲಕ್ಕಪ್ಪ ಬಂದಿದ್ದ. ಕೈ ಮುಗಿದು ತಲೆಯೆತ್ತಿ ಗೋಡೆ ನೋಡಿದ, ಮೊಳೆ ನೋಡಿದ, ಆಮೇಲೆ ನನ್ನನ್ನು ನೋಡಿದ. ಊಟಕ್ಕೆ ಕುಂತಾಗ ಕೇಳಿಯೇ ಬಿಟ್ಟ.

"ಯಕ್ಕಾ, ತಂಗೀ ಚಿತ್ರ ಎಲ್ಲೈತ್ರಿ?"

ಪಂಕ್ತಿಯಲ್ಲಿ ಇವರು ಅವನ ಬಾಜೂಕೇ ಕುಂತಿದ್ದರು. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಎಲ್ಲರಿಗೂ ಕೇಳಿಸುವ ಹಾಗೆ ಅಂದೆ.

"ಇಲ್ರೀ ಲಕ್ಕಪ್ಪಣ್ಣಾ, ಕಣ್ಣ ಇಲ್ಲದ್ದು ದಿಲ್ಲಿಗೆ ಹೋತು. ನಮ್ಮ ಮನ್ಯಾಗ ಕಣ್ಣ ಬರಿಯಾಕ ಬರೂದು ನನಗೊಬ್ಬಾಕಿಗೇ. ನಿಮ್ಮವ್ವನ ಎಡಗಣ್ಣ ನೋಡ್ರಿ ಮನಿಗೆ ಹೋಗಿ, ಗೊತ್ತಾಗ್ತದ."

ಇವರು ತಲೆ ತಗ್ಗಿಸಿದರು. ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಕುಕ್ಕಿ ಮುಂದಿನವರಿಗೆ ಬಡಿಸಲು ಹೋದೆ.