ಮೈದುನನ ಶೌರ್ಯ ಪದಕ

ರಾಜ್ಯದ ಭೂ ನಿರ್ವಹಣಾ ಇಲಾಖೆಯ ಕೇಂದ್ರ ಕಚೇರಿಯಲ್ಲಿ ಅವಳ ಮೇಜು ಇದ್ದದ್ದು ಎರಡನೇ ಮಹಡಿಯ ಮೂಲೆಯಲ್ಲಿ, ಕೆಟ್ಟು ನಿಂತ ಜೆರಾಕ್ಸ್ ಯಂತ್ರದ ಪಕ್ಕ. ಅಲ್ಲಿ ಕೂತು ಅವಳು ಪ್ರತಿ ತಿಂಗಳು 'ಸಿಬ್ಬಂದಿ ವಾರ್ತೆ' ಎಂಬ ಪತ್ರಿಕೆ ಹೊರತರುತ್ತಿದ್ದಳು. ಯಾರು ನಿವೃತ್ತರಾದರು, ಯಾರಿಗೆ ಮಗುವಾಯಿತು, ಯಾರಿಗೆ ಬಡ್ತಿ ಬಂತು, ಯಾರು ಈ ತಿಂಗಳ ಉತ್ತಮ ನೌಕರ, ಎಲ್ಲ ಅದರಲ್ಲಿ ಬರುತ್ತಿತ್ತು. ಕಚೇರಿಯಲ್ಲಿ ಅವಳನ್ನು ಪತ್ರಿಕೆ ಮೇಡಂ ಎನ್ನುತ್ತಿದ್ದರು. ಪತ್ರಿಕೆಯನ್ನು ಮಾತ್ರ ಯಾರೂ ಓದುತ್ತಿರಲಿಲ್ಲ. ತಮ್ಮ ಫೋಟೋ ಇರುವ ಪುಟ ಹರಿದುಕೊಂಡು ಉಳಿದದ್ದನ್ನು ಕಪಾಟಿನ ತಳಕ್ಕೆ ಹಾಸುತ್ತಿದ್ದರು.

ಇಷ್ಟು ವರ್ಷದಲ್ಲಿ ಹೊಗಳಿಕೆಯ ಕಸುಬು ಅವಳಿಗೆ ಕರಗತವಾಗಿತ್ತು. ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುವವನನ್ನು 'ಶಾಂತ ಸ್ವಭಾವದವರು' ಎಂದು ಬರೆಯುತ್ತಿದ್ದಳು. ಕಂಡಕಂಡವರ ಮೇಲೆ ಹರಿಹಾಯುವವನು 'ಶಿಸ್ತಿಗೆ ಹೆಸರಾದವರು'. ಕಚೇರಿಗೇ ಬಾರದವನು 'ಸದಾ ಕ್ಷೇತ್ರಕಾರ್ಯದಲ್ಲಿ ನಿರತರು'. ಓದಿದವರು ಕಣ್ಣು ಒದ್ದೆ ಮಾಡಿಕೊಂಡು ಬಂದು, "ಮೇಡಂ, ನನ್ನ ಒಳಗನ್ನೇ ಕಂಡು ಬರ್ದಿದ್ದೀರಿ" ಎನ್ನುತ್ತಿದ್ದರು. ಅವಳು ಮುಗುಳ್ನಗುತ್ತಿದ್ದಳು. ಅವರ ಒಳಗು ಅವಳಿಗೆ ಚೆನ್ನಾಗಿಯೇ ಕಂಡಿತ್ತು.

ಇಂಥ ಇಲಾಖೆಯಲ್ಲಿ ಅವಳ ಮೈದುನನೂ ಇದ್ದ. ಗಂಡನ ಒಬ್ಬನೇ ತಮ್ಮ. ಊರಾಚೆಯ ಸರ್ಕಾರಿ ಹುಲ್ಲುಗಾವಲಿಗೆ ಅವನು ಕ್ಷೇತ್ರಾಧಿಕಾರಿ. ಅಂದರೆ ತಿಂಗಳಿಗೊಮ್ಮೆ ಬೈಕಿನಲ್ಲಿ ಹೋಗಿ, ಬೇಲಿ ಇದೆಯೇ ಎಂದು ದೂರದಿಂದ ನೋಡಿ ಬರುವವನು. ಇನ್ನೂ ಮದುವೆಯಾಗಿರಲಿಲ್ಲ. ಅಣ್ಣನ ಮನೆಯಲ್ಲೇ ಇದ್ದ, ಅತ್ತಿಗೆ ಬಡಿಸಿದ್ದನ್ನು ಉಂಡು ಉಪ್ಪು ಕಮ್ಮಿ ಎನ್ನುತ್ತಿದ್ದ. ಅವಳ ಗಂಡ ಹಲ್ಲಿನ ವೈದ್ಯರಿಗೆ ಕಟ್ಟು ಹಲ್ಲು ಮಾಡಿಕೊಡುವವನು. ಮುಂದಿನ ಕೋಣೆಯಲ್ಲಿ ಕೂತು ಊರಿನವರ ದವಡೆಗಳನ್ನು ಉಜ್ಜುತ್ತ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಮನೆಯ ಮಾತನ್ನೆಲ್ಲ ತಮ್ಮನೇ ಆಡುತ್ತಿದ್ದ, ಅತ್ತೆ ಕೇಳುತ್ತಿದ್ದಳು.

ಆ ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಬೆಂಕಿ ಬಿತ್ತು. ಅಲ್ಲಿ ಕುರಿ ಮೇಯಿಸುತ್ತಿದ್ದ ಹೆಂಗಸರು ಗೋಣಿಚೀಲ ಒದ್ದೆ ಮಾಡಿಕೊಂಡು ಬಡಿದು ಆರಿಸಿದರು. ಮೈದುನ ತಲುಪಿದಾಗ ಅಲ್ಲಿ ಉಳಿದದ್ದು ಹೊಗೆ. ಒಂದು ಪೊದೆ ಇನ್ನೂ ಚುರುಗುಡುತ್ತಿತ್ತು. ಅದನ್ನು ಬೂಟಿನಿಂದ ತುಳಿದು, ಇಲಾಖೆಯ ಡ್ರೈವರನಿಗೆ ಹೇಳಿ ಫೋಟೋ ತೆಗೆಸಿಕೊಂಡ.

ಮೊದಲ ದಿನ ಊಟಕ್ಕೆ ಕೂತಾಗ ಅವನು, "ನಾನ್ ಹೋಗೋಷ್ಟ್ರಲ್ಲಿ ಹೆಚ್ಚುಕಮ್ಮಿ ಆರಿತ್ತು" ಎಂದ. ಮರುದಿನ, "ನಾನೂ ಒಂದೆರಡು ಏಟು ಹಾಕ್ದೆ" ಎಂದ. ವಾರ ಕಳೆಯುವುದರೊಳಗೆ ಹೆಂಗಸರು ಚೀರಿಕೊಂಡು ಓಡಿಹೋಗಿದ್ದರು, ಜ್ವಾಲೆ ತೆಂಗಿನಮರದೆತ್ತರ ಎದ್ದಿತ್ತು, ಇವನೊಬ್ಬನೇ ನಿಂತಿದ್ದ. ಗಂಡ ತಟ್ಟೆಯಿಂದ ತಲೆಯೆತ್ತಿ, "ಮೊನ್ನೆ ಇಷ್ಟೆತ್ತರ ಇರ್ಲಿಲ್ವಲ್ಲೋ ಬೆಂಕಿ" ಎಂದ. ಅತ್ತೆ ಹಿರಿಮಗನನ್ನು ಗದರಿದಳು. "ನೀನು ಹಲ್ಲು ಉಜ್ಕೊಂಡಿರು. ಅವನು ಜೀವ ಪಣಕ್ಕಿಟ್ಟು ಬಂದಿದ್ದಾನೆ." ಅಕ್ಕಪಕ್ಕದ ಮನೆಯವರಿಗೆಲ್ಲ ಅವಳೇ ಸುದ್ದಿ ಮುಟ್ಟಿಸಿದಳು. ಮುಟ್ಟುವಷ್ಟರಲ್ಲಿ ಬೆಂಕಿ ಇನ್ನಷ್ಟು ಬೆಳೆದಿತ್ತು.

ಬೂಟಿನ ಫೋಟೋ ಹೇಗೋ ನಿರ್ದೇಶಕರನ್ನು ಮುಟ್ಟಿತು. ನಿರ್ದೇಶಕರು ತಮ್ಮ ಅವಧಿಯಲ್ಲಿ ಒಂದು ಸಾಹಸಕ್ಕಾಗಿ ಕಾದು ಕೂತಿದ್ದವರು. ಹೊಲ ಗುತ್ತಿಗೆ ಕೊಡುವ, ಕಳೆ ಕೀಳಿಸುವ ಇಲಾಖೆಯಲ್ಲಿ ಸಾಹಸ ಎಲ್ಲಿಂದ ಬರಬೇಕು? ಈಗ ಬಂದಿತ್ತು. ಅವಳನ್ನು ಕೋಣೆಗೆ ಕರೆಸಿದರು.

"ವರ್ಷದ ಉತ್ತಮ ನೌಕರ ನಿಮ್ಮ ಮೈದುನನೇ. ಶೌರ್ಯ ಪದಕ ಅಂತ ಹೊಸದೊಂದು ಮಾಡ್ತಿದ್ದೀನಿ. ಮಂತ್ರಿಗಳು ಬರ್ತಾರೆ. ಬರೀ ಪತ್ರಿಕೆಲಿ ಬರೆದ್ರೆ ಸಾಲ್ದು, ಒಂದು ವಿಡಿಯೋ ಆಗ್ಬೇಕು. ಬೆಂಕಿ ಆರಿಸೋದು ತೋರಿಸ್ಬೇಕು."

"ಬೆಂಕಿ ಆರಿ ತಿಂಗಳಾಯ್ತಲ್ಲ ಸಾರ್."

"ಹಚ್ಚೋಣ. ಸಣ್ಣದಾಗಿ. ನಮ್ಮದೇ ಜಮೀನು ತಾನೆ?"

ಇಷ್ಟು ದಿನ ಇವರನ್ನು ತಾನು ಅಳೆದದ್ದು ಕಡಿಮೆಯಾಯಿತು ಎಂದು ಅವಳಿಗೆ ಆಗ ಅನಿಸಿತು. ಆದರೂ ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಅವಳಿಗೆ ನೋಡುವ ಆಸೆಯೂ ಇತ್ತು. ಮೈದುನ ಕ್ಯಾಮೆರಾದ ಮುಂದೆ ಕುಣಿಯುವುದನ್ನು ನೋಡಿ ಒಳಗೊಳಗೇ ನಗುವುದು ಅವಳಿಗೆ ಸಿಗುತ್ತಿದ್ದ ಕೆಲವೇ ಸುಖಗಳಲ್ಲಿ ಒಂದು.

ಚಿತ್ರೀಕರಣಕ್ಕೆ ಮದುವೆ ವಿಡಿಯೋ ತೆಗೆಯುವವನೊಬ್ಬ ಬಂದ. ಮೈದುನನಿಗೆ ಹೊಸ ಹೆಲ್ಮೆಟ್ ಕೊಡಿಸಿದ್ದರು. ನಿರ್ದೇಶಕರ ಆಪ್ತ ಸಹಾಯಕ ಬೆರಳಿಗೆ ಇದ್ದಲು ಹಚ್ಚಿಕೊಂಡು, ಮಗುವಿಗೆ ಅಲಂಕಾರ ಮಾಡುವವನಂತೆ ಅವನ ಕೆನ್ನೆಗೆ ಮಸಿ ಬಳಿದ. ಅವಳ ಕೈಯಲ್ಲಿ ಅವನು ಹೇಳಬೇಕಾದ ಮಾತುಗಳ ಹಾಳೆ. 'ಇದು ನಮ್ಮೆಲ್ಲರ ನೆಲ. ಇದಕ್ಕಾಗಿ ನಾನು ಪ್ರಾಣ ಕೊಡಲೂ ಸಿದ್ಧ.' ಬರೆದವಳು ಅವಳೇ. ಅವನು ಅದನ್ನು ಹೇಳಲು ಹೋಗಿ ಮೂರು ಸಲ ಪ್ರಾಣದ ಹತ್ತಿರ ತೊದಲಿದ.

ದೂರದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. "ಏನಮ್ಮಾ, ನೀವೇ ಹಚ್ತಿದ್ದೀರಾ?"

"ಸಿನಿಮಾಕ್ಕೆ" ಎಂದಳು ಇವಳು.

"ಗಾಳಿ ಇದೆಯಲ್ಲ."

ಆಪ್ತ ಸಹಾಯಕ ಆ ಹೆಂಗಸನ್ನು ಚಿತ್ರದಿಂದ ಆಚೆ ಹೋಗು ಎಂದು ಕೈಬೀಸಿ ಅಟ್ಟಿದ. ಅವಳು ಗೊಣಗುತ್ತ ಕುರಿಗಳನ್ನು ಆಚೆ ಹೊಡೆದುಕೊಂಡು ಹೋದಳು.

ನಿರ್ದೇಶಕರೇ ಕಡ್ಡಿ ಗೀರಿ ಹಚ್ಚಿದ ಬೆಂಕಿ ಮೊದಮೊದಲು ಹೇಳಿದ ಮಾತು ಕೇಳುವಂತೆಯೇ ಇತ್ತು. ಮೈದುನ ಹೊಸ ಗೋಣಿಯಿಂದ ಅದರ ಪಕ್ಕದ ನೆಲ ಬಡಿಯುತ್ತಿದ್ದ. ನಿರ್ದೇಶಕರು, "ಮುಖ ಈ ಕಡೆ, ಮುಖ ಈ ಕಡೆ" ಎನ್ನುತ್ತಿದ್ದರು. ಅಷ್ಟರಲ್ಲಿ ಗಾಳಿ ತಿರುಗಿತು. ಒಣಹುಲ್ಲು ಒಮ್ಮೆಲೇ ಭುಗಿಲೆಂದು ಹತ್ತಿಕೊಂಡು ಅವಳಿಗೂ ಉಳಿದವರಿಗೂ ನಡುವೆ ಹರಿಯಿತು. ಕ್ಯಾಮೆರಾದವನು ಸ್ಟ್ಯಾಂಡ್ ಬಿಟ್ಟು ಓಟ ಕಿತ್ತ. ನಿರ್ದೇಶಕರು ಆ ವಯಸ್ಸಿನಲ್ಲಿ ಅಷ್ಟು ವೇಗವಾಗಿ ಕಾರು ಹತ್ತುತ್ತಾರೆಂದು ಯಾರೂ ಎಣಿಸಿರಲಿಲ್ಲ. ಅವರಿಗಿಂತ ಮುಂಚೆ ಕಾಲಿಗೆ ಬುದ್ಧಿ ಹೇಳಿ ಒಳಗೆ ಕೂತಿದ್ದವನು ಮೈದುನ.

ಹೊಗೆಯಲ್ಲಿ ಅವಳಿಗೆ ದಿಕ್ಕು ತಿಳಿಯಲಿಲ್ಲ. ಕೆಮ್ಮುತ್ತ, "ಏಯ್, ನಾನಿಲ್ಲಿದ್ದೀನಿ ಕಣೋ" ಎಂದು ಕೂಗಿದಳು. ಕಾರಿನ ಕಿಟಕಿಯಲ್ಲಿ ಅವನ ಮಸಿ ಬಳಿದ ಮುಖ ಕಾಣಿಸಿತು. ಅವನೂ ಅವಳನ್ನು ಕಂಡ. ಕಣ್ಣಿಗೆ ಕಣ್ಣು ಕೂಡಿತು. ಆಮೇಲೆ ಗಾಜು ಮೆಲ್ಲಗೆ ಮೇಲೇರಿತು, ಕಾರು ಹೊರಟಿತು.

"ಸುಟ್ಟಿರೋ ಕಡೆಗೆ ಬಾ ತಾಯಿ, ಸುಟ್ಟಿರೋ ಕಡೆಗೆ" ಎಂದು ಕುರಿಯವಳ ದನಿ ಕೇಳಿತು. ಅವಳು ಸೀರೆ ಎತ್ತಿ ಕಟ್ಟಿಕೊಂಡು ಆ ದನಿ ಹಿಡಿದು ನಡೆದಳು. ಕಾಲಡಿಯ ನೆಲ ಕಾವಲಿಯಂತೆ ಕಾದಿತ್ತು, ಚಪ್ಪಲಿಯ ಅಟ್ಟೆ ಮೆತ್ತಗಾಗಿ ಅಂಟಿಕೊಳ್ಳುತ್ತಿತ್ತು. ಆಚೆ ತಲುಪಿದಾಗ ಕುರಿಯವಳೂ ಅವಳ ಜೊತೆಯವರೂ ಆಗಲೇ ಬಡಿಯುತ್ತಿದ್ದರು. ಯಾರೋ ಒಂದು ಒದ್ದೆ ಗೋಣಿ ಅವಳ ಕೈಗೂ ಎಸೆದರು. ಅವಳೂ ಬಡಿದಳು. ಹುಬ್ಬು ಸೀದುಹೋಯಿತು, ತೋಳು ಸೋತುಹೋಯಿತು. ಬೆಂಕಿ ಆರಿದ ಮೇಲೆ ಕುರಿಯವಳು ನೆಲದ ಮೇಲೆ ಕುಕ್ಕರಿಸಿ, ಬೂದಿಯಾದ ಮೇವನ್ನು ನೋಡುತ್ತ, "ನಿಮ್ಮವರಿಗೆ ಮಾಡೋಕೆ ಬೇರೆ ಕೆಲ್ಸ ಇಲ್ವಾ?" ಎಂದು ಕೇಳಿದಳು.

"ಇಲ್ಲ" ಎಂದಳು ಇವಳು. ಆ ದಿನ ಅವಳಾಡಿದ ಅತ್ಯಂತ ಖಚಿತವಾದ ಮಾತು ಅದು.

ಸಂಜೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದಾಗ ಮೈದುನ ಬಾಗಿಲಿಗೆ ಬಂದು ನಿಂತ. ಕೆನ್ನೆಯ ಮಸಿ ಇನ್ನೂ ಹೋಗಿರಲಿಲ್ಲ.

"ಅತ್ತಿಗೆ, ಹೆದರ್ಕೆ ಆಗೋಯ್ತು."

ಅವಳು ಒದ್ದೆ ಕೂದಲು ಹಿಂಡಿಕೊಂಡಳು.

"ಗಾಜು ಏರಿಸಿದ್ದು ನಾನೇ. ಸಾಹೇಬ್ರಲ್ಲ." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಕೈ ತಾನಾಗೇ ಹೋಯ್ತು. ನೀವು ಕಾಣಿಸ್ತಿದ್ರಿ. ಆದ್ರೂ ಹೋಯ್ತು."

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವನ ಬಾಯಿಂದ ಅವಳು ಕೇಳಿದ ಮೊದಲ ನಿಜ ಅದು. ಅವನನ್ನು ತಾತ್ಸಾರ ಮಾಡುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸಾಗಿತ್ತು. ಈಗ ಅದು ಕೈಗೆ ಸಿಗಲಿಲ್ಲ. ಅಲ್ಲಿ ನಿಂತವನು ಹೆದರಿದ ಒಬ್ಬ ಮನುಷ್ಯ, ಅಷ್ಟೇ. ಹೆದರುವುದು ತಪ್ಪಲ್ಲ. ಅವಳೂ ಹೆದರಿದ್ದಳು. ಟವೆಲ್ ತೆಗೆದು ಅವನ ಕೈಗಿತ್ತು, "ಹೋಗು, ಮುಖ ತೊಳ್ಕೋ. ಊಟಕ್ಕೆ ಬಾ" ಎಂದಳು.

ಅವನು ಆ ಸಂಜೆ ಉಪ್ಪಿನ ಮಾತೆತ್ತದೆ ಉಂಡ.

ಬೆಳಿಗ್ಗೆ ನಿರ್ದೇಶಕರು ಮತ್ತೆ ಕರೆಸಿದರು. ಮೈದುನ ಆಗಲೇ ಅಲ್ಲಿ ಕುರ್ಚಿಯಲ್ಲಿದ್ದ, ಎದುರಿಗೆ ಚಹಾ.

"ಬನ್ನಿ ಮೇಡಂ. ದೇವರು ದೊಡ್ಡವನು. ನಿನ್ನೆ ನಿಮ್ಮ ಮೈದುನ ಇಲ್ಲದಿದ್ರೆ ನಿಮ್ಮ ಗತಿ ಏನಾಗ್ತಿತ್ತು? ಆಕಸ್ಮಿಕವಾಗಿ ಹತ್ತಿಕೊಂಡ ಬೆಂಕಿ, ಅತ್ತಿಗೆಯನ್ನ ಎತ್ಕೊಂಡು ಬಂದ ಮೈದುನ. ವಿಡಿಯೋಗಿಂತ ಇದು ಚೆನ್ನಾಗಿದೆ. ನೀವೇ ಬರೀರಿ, ನಿಮ್ಮದೇ ಮಾತಲ್ಲಿ. ನಿಮಗೂ ಒಂದು ಸೇವಾ ಪ್ರಶಸ್ತಿ ಮಾಡಿಸ್ತೀನಿ."

"ನನ್ನನ್ನ ಯಾರೂ ಎತ್ಕೊಂಡು ಬರ್ಲಿಲ್ಲ ಸಾರ್. ನಡ್ಕೊಂಡು ಬಂದೆ. ಬೆಂಕಿ ಆಕಸ್ಮಿಕ ಅಲ್ಲ, ಕಡ್ಡಿ ಗೀರಿದ್ದು ನೀವು."

ಅವಳು ಮೈದುನನ ಕಡೆ ತಿರುಗಿದಳು. "ನೀನೇ ಹೇಳೋ. ನಿನ್ನೆ ಅಡುಗೆಮನೇಲಿ ಹೇಳಿದ್ದನ್ನ ಇಲ್ಲೂ ಹೇಳು."

ಅವನು ಚಹಾದ ಲೋಟವನ್ನು ನೋಡಿದ. ಬಿಸ್ಕತ್ತು ಅದ್ದಿದ. ಅದು ಮುರಿದು ಲೋಟದೊಳಗೆ ಬಿತ್ತು. "ಅತ್ತಿಗೆಗೆ ಹೊಗೇಲಿ ಸರಿಯಾಗಿ ನೆನಪಿಲ್ಲ ಸಾರ್" ಎಂದ.

ಹಿಂದಿನ ಸಂಜೆ ಕೊಟ್ಟ ಟವೆಲ್ಲಿಗಾಗಿ ಅವಳಿಗೆ ಆಗ ಪಶ್ಚಾತ್ತಾಪವಾಯಿತು. ಓಡಿದ್ದನ್ನು ಅವಳು ಕ್ಷಮಿಸಿದ್ದಳು. ಇದನ್ನು ಕ್ಷಮಿಸಲು ಅವಳಲ್ಲಿ ಏನೂ ಉಳಿದಿರಲಿಲ್ಲ. ಇಷ್ಟು ವರ್ಷ ಇಂಥವರಿಗೇ ಒಳ್ಳೊಳ್ಳೆಯ ಮಾತು ಹೊಲಿದುಕೊಟ್ಟದ್ದು ತಾನೇ ಅಲ್ಲವೇ ಎಂಬುದೂ ಹೊಳೆಯಿತು. ಮನಸ್ಸಿನಲ್ಲಿ ನಕ್ಕು ಕೈಯಲ್ಲಿ ಹೊಗಳಿದ್ದರಿಂದ ತನ್ನ ಮರ್ಯಾದೆ ಉಳಿದಿತ್ತೆಂದು ಅವಳು ಅಂದುಕೊಂಡಿದ್ದಳು. ಹಾಳೆಯ ಮೇಲೆ ಬಂದದ್ದು ಹೊಗಳಿಕೆ ಮಾತ್ರ. ನಗು ಯಾರಿಗೂ ಕೇಳಿಸಿರಲಿಲ್ಲ.

"ನಾನು ಬರೆಯಲ್ಲ ಸಾರ್" ಎಂದು ಹೇಳಿ ಎದ್ದು ಬಂದಳು.

ಆಪ್ತ ಸಹಾಯಕ ಬರೆದ. ಅವಳನ್ನು ಸ್ಟೋರ್ ರೂಮಿಗೆ ಹಾಕಿದರು. ಪೊರಕೆ, ಫೈಲು, ಶಾಯಿ ಬಾಟಲಿ ಎಣಿಸಿ ಕೊಡುವ ಕೆಲಸ. ಅವಳಿಗೆ ಅದು ಬೇಸರವಾಗಲಿಲ್ಲ. ಪೊರಕೆಗೆ ಯಾರೂ ಗುಣಗಾನ ಕೇಳುವುದಿಲ್ಲ.

ಪದಕ ಪ್ರದಾನದ ದಿನ ಹಾಜರಿ ಕಡ್ಡಾಯ. ಅವಳು ಹಿಂದಿನ ಸಾಲಿನಲ್ಲಿ ಕೂತಳು. ಮಂತ್ರಿಗಳು ಮೈದುನನ ಬೆನ್ನು ತಟ್ಟಿ, ಇಂಥ ಗಂಡುಗಳು ಮನೆಗೊಬ್ಬರಿರಬೇಕು ಎಂದರು. ಸಭಾಂಗಣ ಚಪ್ಪಾಳೆ ತಟ್ಟಿತು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನಕ್ಕೆ ನಡೆದದ್ದು ಗೊತ್ತಿತ್ತು. ಆ ಕಾರು ಓಡಿಸಿದ ಡ್ರೈವರ್ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ; ಅವನ ಹೆಸರು ಮುಂದಿನ ತಿಂಗಳ ಉತ್ತಮ ನೌಕರನ ಪಟ್ಟಿಗೆ ಹೋಗಿತ್ತು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದ ಟೈಪಿಸ್ಟ್, "ತಟ್ಟಿ ಮೇಡಂ, ಯಾಕ್ ಸುಮ್ನೆ" ಎಂದು ಪಿಸುಗುಟ್ಟಿದಳು. ಅವಳು ತಟ್ಟಲಿಲ್ಲ.

ಮೈದುನನಿಗೆ ಬಡ್ತಿ ಬಂತು, ಅದರ ಜೊತೆ ಸರ್ಕಾರಿ ಮನೆ. ಹೋಗುವಾಗ ತಾಯಿಯನ್ನೂ ಕರೆದುಕೊಂಡು ಹೋದ. ಅತ್ತೆ ಹೊಸಿಲು ದಾಟುವಾಗ ಸೊಸೆಗೆ ಹೇಳಿದಳು, "ಜೀವ ಉಳಿಸಿದವನ ಮೇಲೆ ಹೊಟ್ಟೆಕಿಚ್ಚು ಪಡೋರನ್ನ ನಾನ್ ಎಲ್ಲೂ ಕಂಡಿಲ್ಲ." ಸೊಸೆ ಪೆಟ್ಟಿಗೆಯನ್ನು ಆಟೋದೊಳಗಿಟ್ಟು ಬಂದಳು. ಮನೆಯಲ್ಲಿ ದವಡೆ ಉಜ್ಜುವ ಸದ್ದು ಬಿಟ್ಟರೆ ಬೇರೇನೂ ಇಲ್ಲವಾಯಿತು. ಎಂಥ ನೆಮ್ಮದಿ.

ಮಳೆಗಾಲ ಹಿಡಿಯುವ ಹೊತ್ತಿಗೆ ಅತ್ತೆ ಅದೇ ಪೆಟ್ಟಿಗೆ ಹಿಡಿದು ವಾಪಸು ಬಂದಳು. ಯಾರೂ ಏನೂ ಕೇಳಲಿಲ್ಲ. ಅವಳೇ ಅಡುಗೆಮನೆಗೆ ಬಂದು ಮಣೆ ಎಳೆದು ಕೂತಳು.

"ಬಂದವರಿಗೆಲ್ಲ ಅದೇ ಕತೆ ಹೇಳ್ತಾನಮ್ಮ. ಹಾಲಿನವನನ್ನೂ ಬಿಡಲ್ಲ. ಒಂದ್ಸಲ ನಿನ್ನನ್ನ ಹೆಗಲ ಮೇಲೆ ಹೊತ್ತೆ ಅಂತಾನೆ, ಇನ್ನೊಂದ್ಸಲ ತೋಳಲ್ಲಿ. ಕೇಳಿ ಕೇಳಿ ಕಿವಿ ತೂತು ಬಿತ್ತು." ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. "ಓಡಿದ್ನಾ?"

"ಓಡ್ದ ಅತ್ತೆ."

"ನಿನ್ನ ನೋಡ್ಕೊಂಡೇ?"

"ನೋಡ್ಕೊಂಡೇ."

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡಳು. ಅತ್ತಿದ್ದೋ ಹೇಸಿದ್ದೋ ಗೊತ್ತಾಗಲಿಲ್ಲ. "ಚಿಕ್ಕೋನಿದ್ದಾಗ ಬೀದಿ ನಾಯಿ ಬಂದ್ರೆ ಅಣ್ಣನ್ನ ಮುಂದೆ ದೂಡಿ ಓಡೋನು. ನಿನ್ನ ಗಂಡ ಏನ್ ಧೀರ ಅಲ್ಲ, ಅವನೂ ಓಡ್ತಿದ್ದ. ಆದ್ರೆ ಮನೆಗೆ ಬಂದು, ಓಡ್ದೆ ಕಣಮ್ಮ ಅಂತಿದ್ದ."

ಮುಂದಿನ ಕೋಣೆಯಲ್ಲಿ ಉಜ್ಜುವ ಸದ್ದು ನಿಂತಿತು. "ಈಗ್ಲೂ ಓಡ್ತೀನಿ" ಎಂದ ಗಂಡ.

ಅತ್ತೆ, "ನೀನ್ ಕೆಲ್ಸ ನೋಡ್ಕೋ" ಎಂದು ಗದರಿದಳು. ಆಮೇಲೆ ಸೊಸೆಯ ಕಡೆ ತಿರುಗಿ, ತರಕಾರಿಯ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡು, ಮೊದಲಿನಿಂದ ಎಲ್ಲ ಹೇಳು ಎಂದಳು.