ಕೆಸರಿಗೆ ಬಿದ್ದ ರೊಟ್ಟಿ

ರೊಟ್ಟಿಯನ್ನು ಒದೆಯುವುದೇನೋ ವಿತೋಲ್ಡನಿಗೆ ಬಂತು. ಒದ್ದ ಮೇಲೆ ತಿರುಗಿ ನೋಡದೆ ನಡೆದುಹೋಗುವುದು ಮಾತ್ರ ಬರಲಿಲ್ಲ.

ಮೂವತ್ತು ವರ್ಷ ಆ ಊರಿನ ಮನೆಮನೆಗೆ ಕಾಗದ ಹಂಚಿದವನು ಅವನು. ಯಾರ ಮನೆಯ ನಾಯಿಯೂ ಅವನನ್ನು ಕಂಡು ಬೊಗಳುತ್ತಿರಲಿಲ್ಲ. ಅಂಥವನಿಗೆ, ಯುದ್ಧದ ಸಿನಿಮಾ ಮಾಡಲು ರಾಜಧಾನಿ ವಾರ್ಸಾದಿಂದ ಬಂದ ನಿರ್ದೇಶಕಿ ಯಾಗೋದಾ ಜರ್ಮನ್ ಸೈನಿಕನ ಉಡುಪು ತೊಡಿಸಿದ್ದಳು. ದೃಶ್ಯ ಅವನ ತಾಯಿ ಅಪೊಲೋನಿಯ ಹೇಳಿದ್ದೇ. ಆಕೆ ಆರು ವರ್ಷದವಳಿದ್ದಾಗ, ಇದೇ ಬೀದಿಯಲ್ಲಿ, ಒಬ್ಬ ಸೈನಿಕ ಅವಳಜ್ಜಿಯ ಕೈಯಿಂದ ದುಂಡನೆಯ ದಪ್ಪ ರೊಟ್ಟಿ ಕಿತ್ತು ಕೆಸರಿಗೆಸೆದು ಒದ್ದಿದ್ದ. ಈಗ ಅಪೊಲೋನಿಯಳೇ ಆ ಅಜ್ಜಿಯ ಪಾತ್ರ ಮಾಡುತ್ತಿದ್ದಳು. ಸೈನಿಕನ ಪಾತ್ರಕ್ಕೆ ಪಟ್ಟಣದ ನಟ ಬೇಡವೆಂದವಳೂ ಅವಳೇ.

"ಗುರುತಿಲ್ಲದವನು ನನ್ನ ರೊಟ್ಟಿ ಕಿತ್ಕೊಂಡ್ರೆ, ಸಿನಿಮಾ ಅನ್ನೋದು ಮರೆತು ಬಾರಿಸಿಬಿಟ್ಟೇನು. ನನ್ನ ಮಗನೇ ಮಾಡ್ಲಿ."

ಮಗ ಎರಡು ಸಲ ಮಾಡಿದ. ಎರಡು ಸಲವೂ ಒದ್ದು ಎರಡು ಹೆಜ್ಜೆ ಹೋದ. ಮೂರನೆಯ ಹೆಜ್ಜೆಗೆ ತಿರುಗಿ, ಬಗ್ಗಿ, ರೊಟ್ಟಿ ಎತ್ತಿ, ತೋಳಿಗೆ ಒರೆಸಿ ಮುತ್ತಿಟ್ಟ. ಬಿದ್ದ ರೊಟ್ಟಿಯನ್ನು ಮುತ್ತಿಡದೆ ಬಿಟ್ಟುಹೋಗುವವರು ಆ ಸೀಮೆಯಲ್ಲಿ ಯಾರೂ ಇಲ್ಲ. ಬೇಕೆಂದು ಮಾಡಿದ್ದಲ್ಲ, ಆಕಳಿಕೆ ಬಂದ ಹಾಗೆ ಬಂದುಬಿಟ್ಟಿತು.

"ಏನಯ್ಯಾ, ಊರು ಸುಡೋಕೆ ಬಂದಿದೀಯೋ, ಪಾದ್ರಿ ಆಗೋಕೋ?" ಎಂದು, ಸೈನಿಕರ ಪಾತ್ರಕ್ಕೆ ನಿಂತಿದ್ದ ಊರವರಲ್ಲೊಬ್ಬನಾದ ಬಡಗಿ ರೋಮೆಕ್ ಕಿಚಾಯಿಸಿದ. "ಹೀಗೆ ಮುತ್ತು ಕೊಡ್ತಾ ಕೂತಿದ್ರೆ ನಿಮ್ಮೋರು ಬರ್ಲಿನ್ ದಾಟ್ತಾನೇ ಇರ್ಲಿಲ್ಲ ಕಣೋ!"

ಎಲ್ಲರೂ ನಕ್ಕರು. ಯಾಗೋದಾ ನಗಲಿಲ್ಲ. ಉಳಿದಿದ್ದು ಒಂದೇ ರೊಟ್ಟಿ. ಸಂಜೆಗೆ ತಂಡ ಊರು ಬಿಡಬೇಕು.

"ವಿತೋಲ್ಡ್ ಅವ್ರೇ, ಈ ಸಲ ಆಗ್ಲಿಲ್ಲ ಅಂದ್ರೆ ಈ ದೃಶ್ಯಾನೇ ಕೈಬಿಡ್ತೀನಿ. ಬೇರೆ ದಾರಿ ಇಲ್ಲ."

ವಿತೋಲ್ಡ್ ತಾಯಿಯ ಬಳಿ ಹೋಗಿ ತಲೆ ತಗ್ಗಿಸಿದ. "ಅಮ್ಮಾ, ನನ್ನ ಕೈಲಾಗಲ್ಲ. ಪಾಪ ಅನ್ನಿಸ್ತದೆ."

"ಪಾಪಾನೇ. ಅದನ್ನ ತೋರಿಸೋಕೇ ಅಲ್ವಾ ಇವರು ಬಂದಿರೋದು?" ಆಕೆ ಅವನ ಕಾಲರು ಸರಿಮಾಡಿದಳು. ಆಮೇಲೆ ದನಿ ತಗ್ಗಿಸಿದಳು. "ಒಂದು ಮಾತು ಯಾರಿಗೂ ಹೇಳಿಲ್ಲ ಕಣೋ. ಆವತ್ತು ಅಜ್ಜಿ ಅದನ್ನ ಎತ್ತಲಿಲ್ಲ. ಬಂದೂಕಿಗೆ ಹೆದರಿದ್ಲು. ನನ್ನ ಕೈ ಹಿಡಿದು ದರದರ ಎಳ್ಕೊಂಡು ಒಳಗೆ ಹೋಗ್ಬಿಟ್ಲು. ಎಂಬತ್ತು ವರ್ಷದಿಂದ ಆ ರೊಟ್ಟಿ ನನ್ನ ಕಣ್ಣಲ್ಲಿ ಕೆಸರಲ್ಲೇ ಬಿದ್ದಿದೆ. ನೀನು ಮುಂಚೇನೇ ಎತ್ತಿಬಿಟ್ರೆ ನನಗೇನು ಉಳೀತು? ಒದೆಯೋದು ನಿನ್ನ ಕೆಲಸ. ಎತ್ತೋದು ನನಗೆ ಬಿಡು."

ಮೂರನೆಯ ಸಲ ಅವನು ಕಿತ್ತ, ಎಸೆದ, ಒದ್ದ. ನಡೆದ. ಮೂರನೆಯ ಹೆಜ್ಜೆಗೆ ಬೆನ್ನು ತಾನಾಗಿ ಬಗ್ಗಲು ಹೊರಟಿತು. ಬೆಲ್ಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ದೇವರನ್ನು ನೆನೆದ. ಬೇಲಿಯ ತನಕ ಹೋದ. ಸಾಕು ಎಂಬ ಕೂಗು ಬರಲಿಲ್ಲ. ಬೇಲಿ ದಾಟಿದ. ಆಗಲೂ ಬರಲಿಲ್ಲ.

ಕೊನೆಗೆ ಯಾಗೋದಾಳ ದನಿ ಕೇಳಿತು. "ಸಾಕು. ಇನ್ನೊಂದು ಸಲ ಬೇಡ."

ಅವನು ತಿರುಗಿದ. ಸುಮ್ಮನೆ ನಿಂತು ಅಳಬೇಕೆಂದು ಚಿತ್ರಕಥೆಯಲ್ಲಿ ಬರೆದಿಟ್ಟಿದ್ದ ಜಾಗದಲ್ಲಿ ತಾಯಿ ಮಂಡಿಯೂರಿ ಕೂತಿದ್ದಳು. ರೊಟ್ಟಿ ಮಡಿಲಲ್ಲಿತ್ತು. ತುಟಿಗೆ ಕೆಸರು ಮೆತ್ತಿತ್ತು. ಮುಖ ಮಾತ್ರ, ಹರಕೆ ಒಪ್ಪಿಸಿ ಬಂದವಳ ಮುಖ.

"ಅಮ್ಮಾ ಏಳು, ಥಂಡಿ ಆಗತ್ತೆ."

"ಇರೋ. ಚಾಕು ಕೊಡು."

ಕೆಸರಾದ ಸಿಪ್ಪೆ ಹೆರೆದು, ಕೊಯ್ಯುವ ಮೊದಲಿನ ರೂಢಿಯಂತೆ ರೊಟ್ಟಿಯ ಮೇಲೆ ಚಾಕುವಿನಿಂದ ಶಿಲುಬೆ ಗೀಚಿ, ಆಕೆ ತುಂಡು ಮಾಡಿದಳು. ಮೊದಲ ತುಂಡು ಮಗನಿಗೆ.

"ಒದ್ದವನಿಗಾ ಮೊದಲು?" ಎಂದ ರೋಮೆಕ್.

"ಅವನಿಗೇ. ಹೊರಲಾರದ್ದನ್ನ ಹೊತ್ತವನು ಅವನು. ನೀನು ಬಾಯಿ ಮುಚ್ಕೊಂಡು ಸಾಲಲ್ಲಿ ನಿಂತ್ಕೋ."

ಶತ್ರುವಿನ ಉಡುಪು ತೊಟ್ಟ ಏಳು ಮಂದಿ ಊರವರು ಟೋಪಿ ಕಳಚಿ ಸಾಲಾಗಿ ನಿಂತರು. ಅವರ ಹಿಂದೆ ಯಾಗೋದಾ ಕೈಗವಸು ತೆಗೆದು, ಬರಿಗೈ ಚಾಚಿಕೊಂಡು ನಿಂತಳು.